ಕವುಚಿಟ್ಟ ಹರಿಗೋಲು

ಹರಿಗೋಲನ್ನು ಬೆನ್ನ ಮೇಲೆ ಕವುಚಿಕೊಂಡು ನಡೆದು ಬಂದರೆ ಅವರ ಮೈಯಲ್ಲಿ ಕಾಣುತ್ತಿದ್ದುದು ಮೊಣಕಾಲಿನಿಂದ ಕೆಳಗೆ ಮಾತ್ರ: ಒಣಗಿದ ಕೆಸರು ಮೆತ್ತಿದ ಎರಡು ಕಾಲು, ಬಿರುಕುಬಿಟ್ಟ ಹಿಮ್ಮಡಿ. ಕೊಳ್ಳೇಗಾಲದಿಂದ ಐದಾರು ಮೈಲಿ ದೂರದ ಕಾವೇರಿ ದಡದಲ್ಲಿ ಜನರನ್ನು ದಾಟಿಸುತ್ತಿದ್ದ ಆ ಅಂಬಿಗರನ್ನು ಎಲ್ಲರೂ ತಾತ ಎನ್ನುತ್ತಿದ್ದರು. ಕೆಲಸ ಮುಗಿದ ಮೇಲೆ ತಳಕ್ಕೆ ಹೊದಿಸಿದ ಚರ್ಮ ಕೊಳೆಯದಿರಲೆಂದು ಹರಿಗೋಲನ್ನು ಮರಳಲ್ಲಿ ಕವುಚಿ ಒಣಗಿಸುತ್ತಿದ್ದರು. ಒಮ್ಮೆ ಕವುಚಿದರೆ ಆ ದಿನ ಮತ್ತೆ ನೀರಿಗಿಳಿಸುತ್ತಿರಲಿಲ್ಲ, ಕೇಳಿದವರು ಯಾರೇ ಆಗಲಿ.

ಅರವತ್ತೆರಡನೇ ಇಸವಿಯ ಬೇಸಿಗೆ. ನಾನು ಹೆಣ್ಣುಮಕ್ಕಳ ಶಾಲೆಗೆ ಹೊಸದಾಗಿ ಬಂದ ಮೇಡಂ, ಹಟಮಾರಿ. ರಜ ಶುರುವಾದ ದಿನವೇ ಹದಿನಾಲ್ಕು ಹುಡುಗಿಯರನ್ನು ನಡುಗಡ್ಡೆಗೆ ಕರೆದೊಯ್ಯಲು ಮನೆಮನೆಗೆ ಹೋಗಿ ಅಪ್ಪಂದಿರನ್ನು ಒಪ್ಪಿಸಿದ್ದೆ. ಬುತ್ತಿ ಕಟ್ಟಿಕೊಂಡು ಗಾಡಿಯಲ್ಲಿ ದಡ ಸೇರಿದಾಗ ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ತಾತ ನಮ್ಮನ್ನು ನೋಡಿದವರೇ ಹರಿಗೋಲನ್ನು ಕವುಚಿಬಿಟ್ಟರು.

"ಗಾಳಿ ಕಟ್ಕಂಡದೆ ಅಮ್ಮೋರೆ, ಉಸ್ರಾಡಕಾಗ್ದಂಗೆ ಸೆಕೆ. ಮಧ್ಯಾನ್ಕೆ ಬಿರುಗಾಳಿ ಎದ್ರೆ ಮಕ್ಳ ತಕಂಡು ನಡುನೀರಲ್ಲಿ ಏನ್ ಮಾಡನ? ಇವತ್ತು ಬುಡಕಾಗಲ್ಲ."

ಬೇಡಿದೆ, ಗದರಿದೆ, ಕೊನೆಗೆ ಪುಕ್ಕಲ ಎಂದೂ ಅಂದುಬಿಟ್ಟೆ. ಜಪ್ಪಯ್ಯ ಅಂದರೂ ಅಲುಗಾಡಲಿಲ್ಲ. ದಡದ ಹೊಂಗೆ ನೆರಳಲ್ಲೇ ಬುತ್ತಿ ಬಿಚ್ಚಿದೆವು. ಒಬ್ಬ ಹುಡುಗಿ ಮಾತ್ರ ತುತ್ತು ಮುಟ್ಟದೆ, ನಡುಗಡ್ಡೆಯನ್ನೇ ನೋಡುತ್ತ ಅತ್ತಳು. ಅವಳ ಮನೆಯಲ್ಲಿ ಮದುವೆಯ ಮಾತು ನಡೆದಿತ್ತು. ಇನ್ನೊಂದು ರಜ ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು. ಸಂಜೆಯವರೆಗೂ ಒಂದು ಎಲೆ ಅಲುಗಲಿಲ್ಲ. ಗಾಡಿ ಹತ್ತುವಾಗ ನಿಮ್ಮ ಬಿರುಗಾಳಿ ಎಲ್ಲಿ ತಾತ ಎಂದು ಚುಚ್ಚಿದೆ. ಬರಲಿಲ್ಲವಲ್ಲ, ಒಳ್ಳೆಯದೇ ಆಯಿತು ಎಂದರು.

ಮರುವರ್ಷದ ಬೇಸಿಗೆಯಲ್ಲಿ ತಾತ ಶಾಲೆಯ ತನಕ ನಡೆದೇ ಬಂದರು. ನಿನ್ನೆ ಮಳೆ ಸುರಿದು ಗಾಳಿ ತಿಳಿಯಾಗಿದೆ, ನಾಳೆ ನಸುಕಿಗೇ ಮಕ್ಕಳನ್ನು ಕರೆತನ್ನಿ, ಬಿಸಿಲೇರುವ ಮುಂಚೆ ವಾಪಸು ತಂದುಬಿಡುತ್ತೇನೆ ಎಂದರು. ಅವತ್ತು ಅತ್ತ ಹುಡುಗಿಯೂ ಬರುತ್ತಾಳೆ ತಾನೆ ಎಂದು ಕೇಳಿದರು. ಅವಳನ್ನು ಹೂಗ್ಯಂ ಎಂಬ ಊರಿಗೆ ಕೊಟ್ಟು ಮದುವೆ ಮಾಡಿದರೆಂದು ಹೇಳಿದೆ. ತಾತ ಟವಲಿನಿಂದ ಮುಖ ಒರೆಸಿಕೊಂಡರು.

"ಆ ಮಗೀನ ಆಸೆ ನನ್ನಿಂದ್ಲೇ ನಿಂತೋಯ್ತು. ಆದ್ರೂ ಅಮ್ಮೋರೆ, ನಾಳೆ ಅಂಗೇ ಗಾಳಿ ಕಟ್ಕಂಡ್ರೆ ನಾಳೇನೂ ಬುಡಲ್ಲ."

ಆ ಮಾತಿಗೆ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಮಾರನೆಯ ದಿನ ಹುಡುಗಿಯರು ನಡುಗಡ್ಡೆಯ ಮರಳಲ್ಲಿ ಮನಸಾರೆ ಕುಣಿದರು. ತಾತ ಹೇಳಿದ ಹೊತ್ತಿಗೆ ಸರಿಯಾಗಿ ಎಲ್ಲರನ್ನೂ ವಾಪಸು ದಡ ಸೇರಿಸಿದರು.

ಎಪ್ಪತ್ತನೇ ಇಸವಿಯ ಹೊತ್ತಿಗೆ ತಾತ ತೀರಿಕೊಂಡರು. ನಾನು ಯಳಂದೂರಿಗೆ ವರ್ಗವಾಗಿದ್ದೆ, ಸುದ್ದಿ ತಡವಾಗಿ ತಿಳಿಯಿತು. ಮುಖ ನೋಡಲಿಲ್ಲವೆಂಬ ಸಂಕಟ ಈಗಲೂ ಇದೆ. ಮುಂದಿನ ಬೇಸಿಗೆಯಲ್ಲಿ ಅಲ್ಲಿನ ಹುಡುಗಿಯರನ್ನು ಅದೇ ದಡಕ್ಕೆ ಕರೆತಂದೆ. ಹೊಸ ಅಂಬಿಗ ಹುಟ್ಟು ಹಿಡಿದು ಸಿದ್ಧನಿದ್ದ. ಗಾಳಿ ಕಟ್ಟಿತ್ತು. ಬೇಡವೆಂದೆ. ಒಬ್ಬಳು ಬಿಕ್ಕಿಬಿಕ್ಕಿ ಅತ್ತಳು. ವಿಚಾರಿಸಿದರೆ ಅವಳದೂ ಅದೇ ಕಥೆ, ಮನೆಯಲ್ಲಿ ಮದುವೆಯ ಮಾತು.

ಮಾರನೆಯ ಬೆಳಿಗ್ಗೆ ಅವಳ ಮನೆಗೆ ಹೋಗಿ, ಇನ್ನೊಂದು ವರ್ಷ ಇವಳನ್ನು ಶಾಲೆ ಬಿಡಿಸಬೇಡಿ ಎಂದು ಜಗಲಿಯ ಮೇಲೆ ಕೂತೆ. ಅವಳಪ್ಪ ಒಪ್ಪುವ ತನಕ ಏಳಲಿಲ್ಲ.