ನೆಲಕ್ಕಿಟ್ಟ ಕೊಡ

ಗಿರಣಿಗೆ ಒಯ್ಯಲೆಂದು ಪಡಸಾಲೆಯಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದೆ. ಪೇಪರ್ ಓದುತ್ತಿದ್ದ ನಮ್ಮ ಮನೆಯವರು, "ಕೇಳಿದೇನ? ಇನ್ನ ಮ್ಯಾಲ ಬಿಳಿ ಪಟ್ಟಿ ಇಲ್ಲದ ಕಡೆ ನಡಕೊಂತ ರಸ್ತಾ ದಾಟೋರನ್ನ ಪೊಲೀಸರು ಹಿಡದು ನಿಲ್ಲಸಂಗಿಲ್ಲಂತ. ದಂಡಾನೂ ಇಲ್ಲ" ಎಂದರು.

"ಹೌದೇನ್ರಿ?" ಎಂದೆ. ಅವರು ಮುಂದೆ ಓದಲಿಲ್ಲ. ಇಬ್ಬರೂ ಗೂಡಿನಲ್ಲಿ ಬೋರಲು ಹಾಕಿದ ತಾಮ್ರದ ಕೊಡವನ್ನು ನೋಡಿದೆವು. ಅದು ನಮ್ಮತ್ತೆಯದು. ಅವರು ಶಿವನ ಪಾದ ಸೇರಿ ಎಂಟು ತಿಂಗಳಾಯಿತು.

ಮೂರು ವರ್ಷದ ಹಿಂದಿನ ಮಾತು. ನನ್ನ ಎರಡು ಬಸಿರು ಉಳಿಯದೆ ಮೂರನೆಯದು ಐದು ತಿಂಗಳಿಗೆ ಬಂದಾಗ ಅತ್ತೆ ಹರಕೆ ಹೊತ್ತರು. ಐದು ಸೋಮವಾರ ಓಣಿಯ ಬಾವಿಯಿಂದ ನೀರು ತುಂಬಿ, ದೊಡ್ಡ ರಸ್ತೆಯಾಚೆಯ ಬಸವಣ್ಣನ ಗುಡಿಗೆ ಒಯ್ಯುವುದು. ಹಾದಿಯಲ್ಲಿ ಮಾತಾಡಬಾರದು, ಕೊಡ ನೆಲಕ್ಕಿಡಬಾರದು. ಅವರ ತವರು ಸಾಲಹಳ್ಳಿಯಲ್ಲಿ ಹಾಗೆ ಮಾಡುತ್ತಿದ್ದರಂತೆ.

ರಸ್ತೆ ದಾಟಲು ಬಿಳಿ ಪಟ್ಟಿ ಬಳಿದಿದ್ದುದು ಬಸ್ ಸ್ಟ್ಯಾಂಡಿನ ಹತ್ತಿರ. ಅಷ್ಟು ದೂರ ಯಾರು ಹೋಗುತ್ತಾರೆ? ನಮ್ಮ ಓಣಿಯವರೆಲ್ಲ ಡಿವೈಡರ್ ಒಡೆದಿದ್ದ ಸಂದಿಯಲ್ಲೇ ದಾಟುತ್ತಿದ್ದೆವು. ನಾಲ್ಕನೆಯ ಸೋಮವಾರ ಅಲ್ಲಿ ಹೊಸ ಪೊಲೀಸ್ ನಿಂತಿದ್ದ. ಅತ್ತೆ ಸಂದಿ ದಾಟಿದ್ದರು. ನಾನು ಹೂ-ಕಾಯಿ ಹಿಡಿದು ಈಚೆಗೇ ಉಳಿದಿದ್ದೆ. ನಡುವೆ ದೊಡವಾಡದ ಬಸ್ಸು ಬಂತು.

ಪೊಲೀಸ್ ಸೀಟಿ ಊದಿದ. "ಏ ಅಜ್ಜಿ, ಅಲ್ಲಿ ಪಟ್ಟಿ ಹೊಡದದ್ದು ಕಾಣಸಂಗಿಲ್ಲೇನು? ಹೆಸರೇನು ನಿಂದು?"

ಅತ್ತೆ ತಲೆ ತಗ್ಗಿಸಿ ನಿಂತರು.

"ಬಾಯಿ ಇಲ್ಲೇನು?"

ರಸ್ತೆ ಬದಿಯಲ್ಲಿ ಕಾಯಿ ಮಾರುವವಳು ಕುಳಿತಲ್ಲಿಂದಲೇ ಅಂದಳು: "ದೇವರ ನೀರ ಹೊತ್ತಾಳ್ರೀ ಸಾಹೇಬ್ರ. ಮಾತಾಡಂಗಿಲ್ಲ ಆಕಿ."

"ಆಕಿ ಮಾತಾಡಂಗಿಲ್ಲಂತ ಕಾಯ್ದೆನೂ ಬಾಯಿ ಮುಚ್ಚಿಕೊಂಡು ಕುಂದರಬೇಕೇನು? ಇಳಸು ಕೊಡ!"

ಸುತ್ತಲಿನವರು ನಕ್ಕರು. ಅತ್ತೆ ನನ್ನ ಕಡೆ ತಿರುಗಿ ನೋಡಿದರು. ಬಸ್ಸು ಹೋಗಿಬಿಟ್ಟಿತ್ತು, ಹಾದಿ ತೆರವಾಗಿತ್ತು. "ಬ್ಯಾಡ್ರೀ, ಹರಕೆದ ಕೊಡ ಅದು" ಎಂದು ನಾನು ಕೂಗಬಹುದಿತ್ತು. ಖಾಕಿ ಕಂಡು ಹೆದರಿ ಕೂಗಲಿಲ್ಲ. ಅತ್ತೆ ಕೊಡ ಇಳಿಸಿ ಡಾಂಬರಿನ ಮೇಲಿಟ್ಟರು.

ಅವನು ಕೈ ಎತ್ತಲಿಲ್ಲ, ದುಡ್ಡು ಕೇಳಲಿಲ್ಲ. ಆಮೇಲೆ ತಾನೇ ಕೊಡ ಎತ್ತಿ ಅವರ ಸೊಂಟಕ್ಕೆ ಕೊಟ್ಟ. ಅಷ್ಟು ದೇವರ ದಯೆ ಅಂದುಕೊಂಡೆ. ಅತ್ತೆ ಗುಡಿಗೆ ಹೋಗಲಿಲ್ಲ. ಮನೆಗೆ ತಿರುಗಿ ಬಂದು ನೀರನ್ನು ಮಲ್ಲಿಗೆ ಬಳ್ಳಿಗೆ ಸುರಿದು, ಕೊಡ ಬೋರಲು ಹಾಕಿದರು. ಐದನೆಯ ಸೋಮವಾರ ಅದನ್ನು ಮುಟ್ಟಲಿಲ್ಲ.

ಅದಾಗಿ ಇಪ್ಪತ್ತು ದಿನಕ್ಕೆ ಹೊಟ್ಟೆಯಲ್ಲೇ ಕೂಸು ಹೋಯಿತು. "ಮೊದಲಿಂದನ ಬೆಳವಣಿಗಿ ಸರಿ ಇರಲಿಲ್ಲಮ್ಮ, ಯಾರದೂ ತಪ್ಪಿಲ್ಲ" ಎಂದು ಡಾಕ್ಟರಮ್ಮ ಅತ್ತೆಯ ಮುಂದೆಯೇ ಹೇಳಿದರು. ಅತ್ತೆ ನಂಬಲಿಲ್ಲ. "ಅಂವ ಬಡದರೂ ನಾ ಕೊಡಾ ಇಳಸಬಾರದಿತ್ತ ಯವ್ವಾ. ನಿನ್ನ ಉಡಿ ನಾನ ಬರಿದು ಮಾಡಿದೆ" ಎನ್ನುತ್ತಿದ್ದರು. ಆಮೇಲೆ ಆ ರಸ್ತೆ ದಾಟಲಿಲ್ಲ, ಬಸವಣ್ಣನ ಮುಖ ನೋಡಲಿಲ್ಲ. ಹಾಸಿಗೆ ಹಿಡಿದಾಗಲೂ ಅದೇ ಮಾತು.

ನಾನು ಕಾಲು ಒತ್ತಿದೆ, ಗಂಜಿ ಕುಡಿಸಿದೆ, "ಹಂಗ ಅನಬ್ಯಾಡ್ರೀ ಅತ್ತಿ" ಎಂದೆ. ನಾನೂ ಅಲ್ಲೇ ಇದ್ದೆ, ನನಗೆ ಬಾಯಿ ಇತ್ತು ಎಂಬ ಒಂದು ಮಾತು ಮಾತ್ರ ಹೇಳಲಿಲ್ಲ. ಹೇಳಿದ್ದರೆ ಅವರ ಭಾರ ಅರ್ಧವಾದರೂ ಇಳಿಯುತ್ತಿತ್ತು. ಕೊನೆಗೆ ನಿದ್ದೆಯಲ್ಲಿ ಹೋದರು, ನರಳಲಿಲ್ಲ. ಅದೂ ದೇವರ ದಯೆಯೇ.

"ಅವ್ವ ಇದ್ದಿದ್ರ ಪೇಪರ್ ಓದಿ ಹೇಳಬಹುದಿತ್ತು" ಎಂದರು ಇವರು.

ಕರೆಂಟ್ ಹೋಗುವ ಹೊತ್ತಾಗಿತ್ತು, ಗಿರಣಿ ಅದೇ ದೊಡ್ಡ ರಸ್ತೆಯಾಚೆ. ಉಳಿದ ಹರಳು ಆರಿಸಿ, ಜೋಳ ಡಬ್ಬಿಗೆ ತುಂಬಿಕೊಂಡು ಹೊರಟೆ.