ಲಾಂಛನ ತಿದ್ದಿದವರು

ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯಲ್ಲಿದ್ದ ಮೈಸೂರಿನ ಅಂಕಲ್ ನಿವೃತ್ತ ನಕ್ಷೆಗಾರರು. ಅಳಿಸಿದಾಗಲೆಲ್ಲ ರಬ್ಬರಿನ ಪುಡಿಯನ್ನು ಅಂಗೈಯ ಅಂಚಿನಿಂದ ಮೆಲ್ಲಗೆ ಗುಡಿಸಿ, "ಗೆರೆ ಜಾಸ್ತಿಯಾದ್ರೆ ಚಿತ್ರ ಕೆಡುತ್ತೆ ಕಣಮ್ಮ" ಎನ್ನುತ್ತಿದ್ದರು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಬೇ ಏರಿಯಾದ ನಮ್ಮ ಸಣ್ಣ ಊರಿನ ನಗರಸಭೆಯ ಹಳೆಯ ಲಾಂಛನದಲ್ಲಿ ಗುಡ್ಡವೂ ಏಪ್ರಿಕಾಟ್ ಹಣ್ಣಿನ ಕೊಂಬೆಯೂ ಇದ್ದವು. ನಡುವೆ ನಿಲುವಂಗಿಯ ಪಾದ್ರಿ, ಅವನೆದುರು ಮಂಡಿಯೂರಿದ ಒಬ್ಬ ಮೂಲನಿವಾಸಿ. ಅದು ಅವಮಾನವೆಂದು ಆ ಜನ ವರ್ಷಗಟ್ಟಲೆ ದೂರಿದ ಮೇಲೆ ನಗರಸಭೆಯವರು ಹೊಸ ಲಾಂಛನಕ್ಕೆ ಒಪ್ಪಿದರು. ಬರೆದುಕೊಡಲು ಅಂಕಲ್ ತಾವಾಗಿಯೇ ಮುಂದೆ ಬಂದರು. ಇಬ್ಬರನ್ನೂ ಅಳಿಸಿ, ಗುಡ್ಡ ಮತ್ತು ಕೊಂಬೆಯನ್ನಷ್ಟೇ ಉಳಿಸಿದರು. ನಿಜಕ್ಕೂ ಚೆನ್ನಾಗಿತ್ತು, ಸಿಟಿ ಹಾಲ್‌ನಲ್ಲಿ ನಡೆದ ಸಭೆಯಲ್ಲಿ ನಾನೂ ಚಪ್ಪಾಳೆ ತಟ್ಟಿದೆ.

ಆಗ ಮೂಲನಿವಾಸಿಗಳ ಪೈಕಿ ಒಬ್ಬ ಅಜ್ಜಿ ಮೈಕಿನ ಮುಂದೆ ಬಂದರು. "ಅವನನ್ನು ಎಬ್ಬಿಸಿ ನಿಲ್ಲಿಸಿ ಅಂತ ಕೇಳಿದ್ವಿ. ಅಳಿಸಿ ಅಂತ ಕೇಳಿರಲಿಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿ, ಹೋಗಿ ಕೂತರು. ಆದರೂ ಲಾಂಛನ ಪಾಸಾಯಿತು. ಈಗ ಅದು ನಮ್ಮ ಕಸದ ಡಬ್ಬಿಗಳ ಮೇಲೂ ಇದೆ.

ಆಮೇಲೆ ಎಷ್ಟೋ ದಿನ ಅಂಕಲ್ ಲಾಂಛನ ಬರೆದ ಅದೇ ಹಾಳೆ ಹರಡಿಕೊಂಡು ಕೂತಿರುತ್ತಿದ್ದರು. ಗುಡ್ಡದ ಕೆಳಗೆ ಒಬ್ಬ ಮನುಷ್ಯನನ್ನು ನಿಲ್ಲಿಸುತ್ತಿದ್ದರು, ಅಳಿಸುತ್ತಿದ್ದರು. ಆ ಜಾಗದಲ್ಲಿ ಕಾಗದ ತೂತು ಬೀಳುವಷ್ಟು ಸವೆದಿತ್ತು. ಒಂದು ದಿನ ಕಾಫಿ ಕೊಡಲು ಹೋದಾಗ ತಲೆಯೆತ್ತದೆ ಹೇಳಿದರು:

"ಮಂಡಿ ಊರಿದ್ದು ಮಾತ್ರ ನೋಡಿರೋದು ಕಣಮ್ಮ. ಇವ್ರು ಹೇಗೆ ನಿಂತ್ಕೋತಿದ್ರು ಅಂತ ನಂಗೆ ಗೊತ್ತೇ ಇಲ್ಲ."