ಕೊನೆ ಮುಟ್ಟುವವರೆಗೂ ಅಂಕವಿಲ್ಲ

ಬೆಳಗಿನ ಐದು ಗಂಟೆ. ಎರಡನೇ ಮಹಡಿಯ ಆ ಪುಟ್ಟ ಮನೆಯಲ್ಲಿ ದೀಪ ಉರಿಯುತ್ತಿರುವುದು ಒಂದೇ ಕೋಣೆಯಲ್ಲಿ. ಐವತ್ತರ ಹತ್ತಿರದ ಹೆಂಗಸೊಬ್ಬರು ಬಲಗೈ ಹೆಬ್ಬೆರಳಿನ ಬುಡಕ್ಕೆ ಬಟ್ಟೆಯ ಪಟ್ಟಿ ಸುತ್ತಿ, ಅದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಗಂಟು ಹಾಕಿಕೊಳ್ಳುತ್ತಾರೆ. ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ವಿಡಿಯೊ ಗೇಮಿನ ಕಂಟ್ರೋಲರ್, ಪಕ್ಕದ ಸ್ಟೂಲಿನ ಮೇಲೆ ಗೆರೆ ಎಳೆದ ನೋಟ್‌ಬುಕ್ಕು. ಟಿ.ವಿ. ಪರದೆಯಲ್ಲಿ ನರಿಯೊಂದು ಹಿಮದ ಮೇಲೆ ಓಡುತ್ತದೆ, ಹಳ್ಳಕ್ಕೆ ಬೀಳುತ್ತದೆ, ಸಾಯುತ್ತದೆ. ಮತ್ತೆ ಎದ್ದು ಓಡುತ್ತದೆ, ಮತ್ತೆ ಸಾಯುತ್ತದೆ. ಹದಿನೇಳನೇ ಸಲ ನರಿ ಸತ್ತಾಗ ಅವರು ಆಟ ನಿಲ್ಲಿಸಿ ಪೆನ್ನು ಹಿಡಿಯುತ್ತಾರೆ: ‘ಮೂರನೇ ಹಳ್ಳ. ತಪ್ಪು ನನ್ನದೋ, ನರಿಯದೋ? ನಾಳೆ ಇನ್ನೊಮ್ಮೆ ನೋಡುವುದು.’

ಓದುಗರು ಇವರಿಗೆ ಇಟ್ಟಿರುವ ಹೆಸರು ‘ಅರ್ಧ ಅಂಕದಕ್ಕ’. ಹೊಸದಾಗಿ ಬರುವ ವಿಡಿಯೊ ಗೇಮುಗಳನ್ನು ಆಡಿ ನೋಡಿ, ವಾರದ ಪುರವಣಿಯ ಹಿಂದಿನ ಪುಟದಲ್ಲಿ ವಿಮರ್ಶೆ ಬರೆದು, ಕೊನೆಗೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವುದು ಇವರ ಕೆಲಸ. ಪೂರ್ಣಾಂಕ ಕೊಡಲು ಕೈ ಬಾರದೆ ಏಳೂವರೆ, ಆರೂವರೆ ಎಂದು ಜಗ್ಗಾಡುವುದರಿಂದ ಈ ಹೆಸರು ಅಂಟಿಕೊಂಡಿದೆ. ಅಕ್ಕನಿಗೆ ಇದರ ಬಗ್ಗೆ ಬೇಸರವಿಲ್ಲ. “ಹೆಸರಿಟ್ಟು ಕರೆಯೋರಾದ್ರೂ ಇದ್ದಾರಲ್ಲ, ಸಾಕು,” ಎನ್ನುತ್ತಾರೆ.

ಒಂದು ಆಟ ಮುಗಿಸಲು ಇಪ್ಪತ್ತರಿಂದ ಅರವತ್ತು ಗಂಟೆ ಬೇಕು. ಬೆಳಗಿನ ಐದರಿಂದ ಎಂಟೂವರೆಯವರೆಗೆ ಆಟ, ಹತ್ತರಿಂದ ಸಂಜೆಯವರೆಗೆ ಅದೇ ಪತ್ರಿಕೆಯ ಕಚೇರಿಯಲ್ಲಿ ಕರಡು ತಿದ್ದುವ ನೌಕರಿ. ಕರಡು ತಿದ್ದುವುದು ಹೊಟ್ಟೆಪಾಡಿಗೆ, ಆಟದ ಪುಟ ಅದರ ಬಾಲಂಗೋಚಿ. ಆಟ ಮಾಡಿದ ಕಂಪನಿಯವರು ಬಿಡುಗಡೆಗೆ ನಾಲ್ಕೈದು ದಿನ ಮೊದಲು ಪ್ರತಿ ಕಳಿಸುತ್ತಾರೆ, ಜೊತೆಗೊಂದು ಷರತ್ತು: ಇಂಥ ದಿನ ಇಷ್ಟು ಗಂಟೆಯ ತನಕ ತುಟಿ ಬಿಚ್ಚುವಂತಿಲ್ಲ. ಆ ಗಳಿಗೆ ಬಂದ ಕೂಡಲೇ ಎಲ್ಲ ಕಡೆ ವಿಮರ್ಶೆಗಳು ಒಟ್ಟಿಗೇ ಹೊರಬೀಳುತ್ತವೆ. ಎಲ್ಲರ ಅಂಕ ಕೂಡಿಸಿ ಸರಾಸರಿ ತೋರಿಸಲೆಂದೇ ಒಂದು ಜಾಲತಾಣವಿದೆ. ಜನ ನೋಡುವುದು ಆ ಒಂದು ಸಂಖ್ಯೆಯನ್ನು.

ಮನೆಯಲ್ಲಿ ಇರುವುದು ಅಕ್ಕ ಮತ್ತು ಅವರ ಅಮ್ಮ. ಅಮ್ಮ ಟೆಲಿಫೋನ್ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಎದ್ದವರೇ ಮುಖ ತೊಳೆದು ಮಗಳ ಹಿಂದೆ ಬಂದು ನಿಂತು ಪರದೆ ದಿಟ್ಟಿಸುತ್ತಾರೆ. “ಅಕ್ಷರ ನೋಡು, ಇರುವೆ ಸಾಲು ಹೋದ ಹಾಗಿದೆ. ಅರ್ಧ ಅಂಕ ಕಡಿಮೆ ಮಾಡು,” ಎಂದು ತೀರ್ಪು ಕೊಟ್ಟು ಚಹಾ ಇಡಲು ಹೋಗುತ್ತಾರೆ. ಅಕ್ಷರ ಚಿಕ್ಕದಾದರೆ ಅರ್ಧ ಅಂಕ ಕಡಿಯುವ ಪದ್ಧತಿ ಪುರವಣಿಯಲ್ಲಿ ಶುರುವಾದದ್ದು ಹೀಗೆ.

ಅಕ್ಕನಿಗೆ ಈ ಪುಟ ಸಿಕ್ಕಿದ ಕಥೆಯೂ ಚೆನ್ನಾಗಿದೆ. ಇಪ್ಪತ್ತು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಆಟದ ವಿಮರ್ಶೆ ಕರಡಿಗೆ ಬಂತು. ಆಟದಲ್ಲಿ ಕುದುರೆ ಸವಾರಿ ಬಹಳ ಸೊಗಸಾಗಿದೆ ಎಂದು ಬರೆದಿತ್ತು. ಅಕ್ಕ ಆ ಆಟವನ್ನು ಚಿಕ್ಕಪ್ಪನ ಮನೆಯಲ್ಲಿ ಆಡಿದ್ದರು. ಅದರಲ್ಲಿ ಕುದುರೆಯೇ ಇರಲಿಲ್ಲ. ಬರೆದ ಪುಣ್ಯಾತ್ಮ ಡಬ್ಬದ ಮೇಲಿನ ಚಿತ್ರ ನೋಡಿ ಬರೆದಿದ್ದ. ಹೋಗಿ ಸಂಪಾದಕರಿಗೆ ಹೇಳಿದಾಗ ಅವರು ಕನ್ನಡಕ ಮೇಲೇರಿಸಿ, “ಹಾಗಾದ್ರೆ ನೀನೇ ಬರಿ,” ಎಂದುಬಿಟ್ಟರು.

ಹದಿಮೂರು ವರ್ಷ ಹಾಗೇ ನಡೆಯಿತು. ಆಮೇಲೆ ಬಂದದ್ದು ಬಸ್ಸಿನ ಆಟ.

ನಾಲ್ಕೇ ಜನ ಸೇರಿ ಮೂರು ವರ್ಷ ಕೂತು ಕಟ್ಟಿದ ಆಟ ಅದು. ಅಣೆಕಟ್ಟೆಯ ನೀರಿನಲ್ಲಿ ಮುಳುಗಲಿರುವ ಒಂದು ಊರು, ಆ ಊರಿಗೆ ಉಳಿದಿರುವ ಒಂದೇ ಬಸ್ಸು. ಆಡುವವರು ಅದರ ಕಂಡಕ್ಟರ್. ಜನ ಹತ್ತುತ್ತಾರೆ, ಟಿಕೆಟ್ ಹರಿದು ಕೊಡಬೇಕು, ಅವರವರ ನಿಲ್ದಾಣದಲ್ಲಿ ಇಳಿಸಬೇಕು. ಮೊದಲ ಒಂಬತ್ತು ಗಂಟೆ ಇಷ್ಟೇ.

ಅದೇ ವಾರ ಅಕ್ಕನ ಅಪ್ಪ ಆಸ್ಪತ್ರೆ ಸೇರಿದರು. ಗಡಿಯಾರ ರಿಪೇರಿಯ ಕಸುಬಿನವರು, ಶ್ವಾಸಕೋಶ ಸೋತಿತ್ತು. ಹಗಲು ಪಾಳಿ ಮಗಳದು. ಮಂಚದ ಪಕ್ಕದ ಕಬ್ಬಿಣದ ಕುರ್ಚಿಯಲ್ಲಿ ಕೂತು, ಅಂಗೈಯಗಲದ ಆಟದ ಯಂತ್ರದಲ್ಲಿ, ಸದ್ದು ಬಂದ್ ಮಾಡಿ ಅಕ್ಕ ಆಡಿದರು. ನರ್ಸ್ ಬಂದಾಗ ನಿಲ್ಲಿಸುವುದು, ಅಪ್ಪ ಕೆಮ್ಮಿದಾಗ ನಿಲ್ಲಿಸುವುದು, ಮತ್ತೆ ಟಿಕೆಟ್ ಹರಿಯುವುದು. ಒಂಬತ್ತನೇ ಗಂಟೆಯಲ್ಲಿ ಬಸ್ಸು ಸೇತುವೆಯ ನಡುವೆ ನಿಂತಿತು. ಕಥೆಯಲ್ಲಿ ನಿಂತದ್ದಲ್ಲ, ಆಟವೇ ಕೆಟ್ಟು ನಿಂತದ್ದು. ಮುಚ್ಚಿ ಮತ್ತೆ ತೆರೆದರೂ ಅಲ್ಲೇ ನಿಂತಿತು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ವಿಮರ್ಶೆ ಕೊಡಬೇಕು. ಆಸ್ಪತ್ರೆಯ ಕಾರಿಡಾರಿನಲ್ಲಿ, ನೀರಿನ ಫಿಲ್ಟರಿಗೆ ಒರಗಿ ನಿಂತು ಅಕ್ಕ ಫೋನಿನಲ್ಲೇ ಬರೆದು ಕಳಿಸಿದರು. ‘ಟಿಕೆಟ್ ಹರಿಯುವುದೇ ಆಟವಾದರೆ, ಕಂಡಕ್ಟರಿಗೆ ಸಂಬಳ ಯಾಕೆ ಕೊಡಬೇಕು?’ ಎಂಬ ಸಾಲು ಅದರಲ್ಲಿತ್ತು. ಅಂಕ: ಹತ್ತಕ್ಕೆ ನಾಲ್ಕು.

ಆ ಸಾಲು ಓದಿ ಜನ ನಕ್ಕರು. ಕೈಯಿಂದ ಕೈಗೆ ಹಂಚಿದರು. ಅಕ್ಕ ಬರೆದ ಯಾವ ಸಾಲೂ ಅಷ್ಟು ದೂರ ಹೋಗಿರಲಿಲ್ಲ. ಅವರಿಗೆ ಅದನ್ನು ನೋಡುವ ಪುರುಸೊತ್ತಿರಲಿಲ್ಲ; ಶುಕ್ರವಾರ ಮಧ್ಯಾಹ್ನ ಅಪ್ಪ ತೀರಿಕೊಂಡರು.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಯಂತ್ರದಲ್ಲಿ ಜಾಗ ಮಾಡಲು ಹಳೆಯ ಆಟಗಳನ್ನು ಅಳಿಸುತ್ತಿದ್ದಾಗ ಬಸ್ಸಿನ ಆಟ ಕಣ್ಣಿಗೆ ಬಿತ್ತು. ಸುಮ್ಮನೆ ತೆರೆದರು. ದೋಷವನ್ನು ಬಿಡುಗಡೆಯ ದಿನವೇ ಸರಿಪಡಿಸಿದ್ದರು. ಬಸ್ಸು ಸೇತುವೆ ದಾಟಿತು.

ದಾಟಿದ ಮೇಲೆ ಊರಿಗೆ ನೀರು ನುಗ್ಗಿರುತ್ತದೆ. ನಿಲ್ದಾಣದ ಬೋರ್ಡುಗಳಿಲ್ಲ, ರಸ್ತೆಯ ಗುರುತಿಲ್ಲ, ಟಿಕೆಟಿನ ಮೇಲಿನ ಅಕ್ಷರವೂ ನೆನೆದು ಅಳಿಸಿದೆ. ಬಸ್ಸಿನ ತುಂಬ ಅದೇ ಜನ. ಯಾರು ಎಲ್ಲಿ ಇಳಿಯಬೇಕೆಂಬುದನ್ನು ಕಂಡಕ್ಟರ್ ನೆನಪಿನಿಂದಲೇ ಹೇಳಬೇಕು. ಒಂಬತ್ತು ಗಂಟೆ ಬೇಸರದಿಂದ ಹರಿದ ಟಿಕೆಟುಗಳೆಲ್ಲ ಅದಕ್ಕಾಗಿ ಎಂದು ಆಗ ಗೊತ್ತಾಗುತ್ತದೆ. ಬುಟ್ಟಿ ಹಿಡಿದ ಹೆಂಗಸಿನ ಮನೆ ಅಕ್ಕನಿಗೆ ನೆನಪಿತ್ತು. ಹಿಂದಿನ ಸೀಟಿನಲ್ಲಿ ದಿನವೂ ಬಾಯಿ ಬಿಡದೆ ಕೂರುತ್ತಿದ್ದ ಮುದುಕನ ನಿಲ್ದಾಣ ನೆನಪಾಗಲಿಲ್ಲ. ಅವನು ಕೊನೆಯವರೆಗೂ ಬಸ್ಸಿನಲ್ಲೇ ಉಳಿದ.

“ಆಟ ಮುಗಿದ್ಮೇಲೆ ಲೆಕ್ಕ ಹಾಕ್ದೆ,” ಎನ್ನುತ್ತಾರೆ ಅಕ್ಕ. “ಆ ಮುದುಕ ಎಂಟು ಸಲ ನನ್ನ ಹತ್ರಾನೇ ಟಿಕೆಟ್ ತಗೊಂಡಿದ್ದ. ನಾನು ಮುಖ ನೋಡಿರ್ಲಿಲ್ಲ. ಇರದ ಕುದುರೆ ಬಗ್ಗೆ ಬರೆದವನಿಗೂ ನಂಗೂ ಏನು ವ್ಯತ್ಯಾಸ, ಹೇಳಿ.”

ಆಟ ಮಾಡಿದವರಿಗೆ ಬರೆದ ಪತ್ರ ವಾಪಸು ಬಂತು. ಸಂಸ್ಥೆ ಮುಚ್ಚಿತ್ತು. ವಿಚಾರಿಸಿದಾಗ ಒಂದೊಂದೇ ತಿಳಿಯಿತು. ಬಂಡವಾಳ ಹಾಕಿದವರ ಕರಾರಿನಲ್ಲಿ ಒಂದು ಮಾತಿತ್ತಂತೆ: ಸರಾಸರಿ ಅಂಕ ಏಳು ಮುಟ್ಟಿದರೆ ಮಾತ್ರ ಮುಂದಿನ ಆಟಕ್ಕೆ ಕೈ ಹಾಕುವುದು. ಒಟ್ಟು ಹನ್ನೊಂದು ವಿಮರ್ಶೆಗಳು, ಸರಾಸರಿ ಆರು ಪಾಯಿಂಟ್ ಎಂಟು. ಅಕ್ಕ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದರು. ತಾನು ನಾಲ್ಕರ ಬದಲು ಆರು ಕೊಟ್ಟಿದ್ದರೆ ಸರಿಯಾಗಿ ಏಳಾಗುತ್ತಿತ್ತು. ಮೂರು ಸಲ ಕೂಡಿಸಿ ಭಾಗಿಸಿದರೂ ಅದೇ ಉತ್ತರ ಬಂತು.

ಸಂಪಾದಕರ ಮುಂದೆ ಹೋಗಿ ನಿಂತರು. ಅವರು ಒಳ್ಳೆಯವರೇ. ಆದರೆ, “ಅಂಕ ಬದಲಾಯಿಸೋ ಪದ್ಧತಿ ನಮ್ಮಲ್ಲಿಲ್ಲಮ್ಮ. ಇವತ್ತು ಒಬ್ಬರಿಗೆ ಬದಲಾಯಿಸಿದ್ರೆ ನಾಳೆ ನೂರು ಜನ ಬಾಗಿಲಲ್ಲಿ ನಿಲ್ತಾರೆ,” ಎಂದರು. ಅಕ್ಕ ಪಟ್ಟು ಬಿಡಲಿಲ್ಲ. ಕಡೆಗೆ ಪುಟದ ಮೂಲೆಯಲ್ಲಿ ಆರು ಸಾಲು ಬಂತು: ಆ ಆಟವನ್ನು ಪೂರ್ತಿ ಆಡದೆ ಬರೆದಿದ್ದೆ, ಅದು ನನ್ನ ತಪ್ಪು, ಅದು ಎಂಟೂವರೆ ಅಂಕದ ಆಟ. ಸರಾಸರಿ ತೋರಿಸುವ ಜಾಲತಾಣದವರು ಮೊದಲು ಕೊಟ್ಟ ಅಂಕವೇ ಅಂತಿಮ ಎಂದು ಉತ್ತರ ಬರೆದರು. ಆ ಹೊತ್ತಿಗೆ ಬಂಡವಾಳದವರು ಆಟವನ್ನು ಮಾರಾಟದಿಂದಲೇ ತೆಗೆದಿದ್ದರು. ಆರು ಸಾಲು ಓದಿ ಯಾರಿಗಾದರೂ ಆಡಬೇಕೆನಿಸಿದರೂ ಆಟ ಸಿಗುವಂತಿರಲಿಲ್ಲ.

ತಂಡದ ಮುಂದಾಳಾಗಿದ್ದಾಕೆ ಔಷಧದ ಗೋದಾಮೊಂದರಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಸೇರಿದ್ದಳು. ವಿಳಾಸ ಹುಡುಕಿ ಅಕ್ಕ ಊಟದ ಬಿಡುವಿನಲ್ಲಿ ಅಲ್ಲಿಗೆ ಹೋದರು. ಮೂವತ್ತೈದರ ಹೆಂಗಸು, ಬೆರಳ ತುದಿಗಳಲ್ಲಿ ಒಣಗಿದ ಅಂಟು. ಕ್ಯಾಂಟೀನಿನ ಉದ್ದ ಬೆಂಚಿನ ಮೇಲೆ ಇಬ್ಬರೂ ಎದುರುಬದುರು ಕೂತರು. ಅಕ್ಕ ತಾನು ಯಾರೆಂದು ಹೇಳಿದರು.

“ಗೊತ್ತು,” ಎಂದಳು ಆಕೆ. “ಫೋಟೊ ನೋಡಿದ್ದೆ.”

ಬೆರಳ ತುದಿಯ ಅಂಟನ್ನು ಉಗುರಿನಿಂದ ಕೆರೆಯುತ್ತ ಆಕೆಯೇ ಮಾತು ಮುಂದುವರಿಸಿದಳು. “ನಾಲ್ಕು ಕೊಟ್ರಿ ಅಂತ ಸಿಟ್ಟಿಲ್ಲ ಮೇಡಂ. ಇನ್ನೊಬ್ರು ಐದು ಕೊಟ್ಟಿದ್ರು. ಪೂರ್ತಿ ಆಡಿದ್ರು, ಇಷ್ಟ ಆಗ್ಲಿಲ್ಲ ಅಂದ್ರು. ಅದು ಸರೀನೇ. ನೀವು ಸೇತುವೆ ದಾಟಿಲ್ಲ ಅಂತ ಓದಿದ ತಕ್ಷಣ ಗೊತ್ತಾಯ್ತು. ದಾಟಿದ್ರೆ ಆ ಸಂಬಳದ ಮಾತು ಬರೀತಿರ್ಲಿಲ್ಲ ನೀವು.”

“ಹೌದು, ದಾಟಿರ್ಲಿಲ್ಲ,” ಎಂದರು ಅಕ್ಕ.

“ನಮ್ಮಲ್ಲೊಬ್ಬ ಆ ಸಾಲನ್ನ ಬಾಯಿಪಾಠ ಮಾಡಿದ್ದ. ಆಫೀಸು ಖಾಲಿ ಮಾಡೋ ದಿನ ಕುರ್ಚಿ ಹೊರ್ತಾ ಹೇಳಿ ನಗಿಸ್ತಿದ್ದ.”

“ಆಮೇಲೆ ಆಡಿದೆ. ಹಿಂದಿನ ಸೀಟಿನ ಮುದುಕನ್ನ ಎಲ್ಲಿ ಇಳಿಸ್ಬೇಕಿತ್ತು?”

ಆಕೆ ಮೊದಲ ಸಲ ಅಕ್ಕನ ಮುಖವನ್ನು ನೆಟ್ಟಗೆ ನೋಡಿದಳು. “ಅವನಿಗೆ ನಿಲ್ದಾಣ ಇಲ್ಲ ಮೇಡಂ. ಮನೆ ಆಗ್ಲೇ ಮುಳುಗಿರುತ್ತೆ. ದಿನಾ ಟಿಕೆಟ್ ತಗೊಂಡು ಸುಮ್ನೆ ಕೂರ್ತಾನೆ, ಎಲ್ಲೂ ಇಳಿಯಲ್ಲ. ಅವನನ್ನ ಎಲ್ಲೂ ಇಳಿಸ್ದೆ ಕೂರಿಸ್ಕೊಂಡು ಹೋಗೋದೇ ಸರಿಯಾದ ಉತ್ತರ.”

ಬಿಡುವು ಮುಗಿದ ಗಂಟೆ ಹೊಡೆಯಿತು. ಆಕೆ ತಟ್ಟೆ ಎತ್ತಿಕೊಂಡು ಹೋದಳು.

ಮನೆಗೆ ಬಂದಾಗ ಅಮ್ಮ ಕೇಳಿದರು: “ಅಪ್ಪ ಆಸ್ಪತ್ರೇಲಿದ್ದಿದ್ದು ಹೇಳಿದ್ಯಾ?”

“ಇಲ್ಲ.”

“ಯಾಕೆ?”

“ಹೇಳಿದ್ರೆ ಅವಳು ನನ್ನನ್ನ ಕ್ಷಮಿಸ್ಬೇಕಾಗ್ತಿತ್ತು ಅಮ್ಮ. ಅದೊಂದು ಭಾರ ಬೇರೆ ಯಾಕೆ ಅವಳ ಮೇಲೆ.”

ಆ ವಾರ ಅಕ್ಕ ಪುಟ ಬಿಡುವುದಾಗಿ ಪತ್ರ ಬರೆದಿಟ್ಟರು. ಅದನ್ನು ಓದಿದ ಅಮ್ಮ ಸಮಾಧಾನವನ್ನೇನೂ ಹೇಳಲಿಲ್ಲ. “ನೀನು ಬಿಟ್ರೆ ಇನ್ನೊಬ್ರು ಬರ್ತಾರೆ. ಅವ್ರೂ ಸೇತುವೆ ಹತ್ರಾನೇ ನಿಲ್ಲಿಸ್ತಾರೆ. ನೋಡ್ಕೊ,” ಎಂದಷ್ಟೇ ಹೇಳಿ ಬಟ್ಟೆ ಒಣಹಾಕಲು ಹೋದರು. ಪತ್ರ ಕಚೇರಿಗೆ ಹೋಗಲಿಲ್ಲ. ಅದರ ಬದಲು ಅಕ್ಕ ಒಂದು ನಿಯಮ ಮಾಡಿಕೊಂಡರು: ಕೊನೆ ಮುಟ್ಟದೆ ಅಂಕವಿಲ್ಲ. ಪ್ರತಿ ವಿಮರ್ಶೆಯ ಕೆಳಗೆ ಎಷ್ಟು ಗಂಟೆ ಆಡಿದೆ ಎಂದು ಅಚ್ಚಾಗಬೇಕು.

ಆ ನಿಯಮಕ್ಕೆ ಈಗ ಏಳು ವರ್ಷ. ಅಷ್ಟರಲ್ಲಿ ನೂರ ಅರವತ್ತಮೂರು ಆಟ ಮುಗಿಸಿದ್ದಾರೆ. ಮುಗಿಸಲಾಗದ ಒಂಬತ್ತರ ಬಗ್ಗೆ ಒಂದಕ್ಷರ ಬರೆದಿಲ್ಲ. ಬೆಲೆಯನ್ನೂ ತೆತ್ತಿದ್ದಾರೆ. ಬಿಡುಗಡೆಯ ದಿನವೇ ಎಲ್ಲ ಕಡೆ ವಿಮರ್ಶೆ ಬರುವಾಗ ಇವರದು ಹತ್ತು ದಿನ ತಡ. ದೊಡ್ಡ ಕಂಪನಿಗಳು ಪ್ರತಿ ಕಳಿಸುವುದನ್ನು ನಿಲ್ಲಿಸಿವೆ. ವಾರ ವಾರ ಬರುತ್ತಿದ್ದ ಪುಟ ಹದಿನೈದು ದಿನಕ್ಕೊಮ್ಮೆಯಾಗಿ, ಈಗ ಅರ್ಧ ಪುಟಕ್ಕೆ ಇಳಿದಿದೆ. ಹೆಬ್ಬೆರಳು ತೋರಿಸಲು ಹೋದಾಗ ವೈದ್ಯರು ಟೈಲರಿಂಗ್ ಮಾಡ್ತೀರಾ ಎಂದು ಕೇಳಿದರಂತೆ. ಅಕ್ಕ ಹೌದು ಎಂದು ಬಂದರು. “ಈ ವಯಸ್ಸಲ್ಲಿ ವಿಡಿಯೊ ಗೇಮ್ ಆಡ್ತೀನಿ ಅಂದ್ರೆ ಬೇರೆ ಡಾಕ್ಟರ ಹತ್ರ ಕಳಿಸ್ತಿದ್ರು,” ಎಂದು ನಗುತ್ತಾರೆ. ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ನರಿಯ ಆಟಕ್ಕೆ ಇದು ಹದಿನಾಲ್ಕನೇ ಗಂಟೆ. ಅಣ್ಣ ತಂಗಿ ಇಬ್ಬರೇ ಸೇರಿ ಮಾಡಿದ್ದಾರೆ. ಚೆನ್ನಾಗಿದೆಯೇ ಎಂದರೆ ಅಕ್ಕ ತಲೆಯಾಡಿಸಿ, “ಇನ್ನೂ ಮುಗ್ದಿಲ್ಲ,” ಎನ್ನುತ್ತಾರೆ. ಎಂಟೂವರೆಗೆ ಆಟ ಬಂದ್ ಮಾಡಿ, ಪಟ್ಟಿ ಬಿಚ್ಚಿ, ಬೆರಳನ್ನು ಬಿಸಿನೀರಿನ ಲೋಟದಲ್ಲಿ ಅದ್ದಿ ಕೂರುತ್ತಾರೆ.

ಗೋದಾಮಿನಾಕೆಯ ಸುದ್ದಿ ಆಮೇಲೆ ಇಲ್ಲ. ಅಲ್ಲಿನ ಕೆಲಸ ಬಿಟ್ಟಳೆಂದು ಯಾರೋ ಹೇಳಿದರು, ಎಲ್ಲಿಗೆ ಹೋದಳೆಂದು ಹೇಳಲಿಲ್ಲ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ, ಅಕ್ಕ ಲೋಟದೊಳಗಿನ ಬೆರಳನ್ನೇ ನೋಡುತ್ತ ಉತ್ತರ ಕೊಡುತ್ತಾರೆ.

“ಅವಳು ಇನ್ನೊಂದು ಆಟ ಮಾಡ್ಬೇಕು. ನಂಗೆ ಕಳಿಸೋದು ಬೇಡ, ಅಂಕ ಕೊಡೋಕೆ ಬೇರೆಯವ್ರಿದ್ದಾರೆ. ನಾನು ಎಲ್ಲರ ಹಾಗೆ ಅಂಗಡೀಲಿ ಕೊಂಡು ಆಡ್ತೀನಿ.”